ಕೊನೆಯ ಮನೆಗೆ ನೀರು

ನಾನು ರಾಮನಗರದಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದೆ. ಕಚೇರಿಯ ದಾಖಲೆಯಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು, ಊರಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. 'ನೀರು ಬಿಡೋ ಶಿವಮಾದು' ಎಂದರೆ ಮಾತ್ರ ಸ್ಟೇಷನ್ ರಸ್ತೆಯಿಂದ ಹಳೇ ಪೇಟೆಯವರೆಗೆ ಎಲ್ಲರಿಗೂ ಗೊತ್ತು. ಮದುವೆ ಮನೆಗೆ ಹೋಗಲಿ, ಸಾವಿನ ಮನೆಗೆ ಹೋಗಲಿ, ಯಾರಾದರೊಬ್ಬರು ಪಕ್ಕಕ್ಕೆ ಕರೆದು "ನಾಳೆ ಬತ್ತದಾ?" ಎಂದು ಕೇಳಿಯೇ ಕೇಳುತ್ತಿದ್ದರು. ಏನು ಬರುತ್ತದೆ ಎಂದು ಅವರೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ನನ್ನ ಮದುವೆಯಲ್ಲೇ ಹೆಂಡತಿಯ ಕಡೆಯ ಹಿರಿಯರೊಬ್ಬರು ಅಕ್ಷತೆ ಹಾಕುತ್ತಾ ಇದೇ ಪ್ರಶ್ನೆ ಕೇಳಿದ್ದರು. ನಾನು ತಲೆ ಬಗ್ಗಿಸಿಕೊಂಡೇ "ಬತ್ತದೆ" ಎಂದೆ. ಪುರೋಹಿತರು ನಗು ತಡೆದುಕೊಂಡರು.

ಈಗ ಗುತ್ತಿಗೆಯ ಮೇಲೆ ಈ ಕೆಲಸಕ್ಕೆ ಸೇರುತ್ತಿರುವ ಕೆಲವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಎಷ್ಟು ರಜೆ, ಯಾವಾಗ ಕಾಯಂ, ಯಾರನ್ನು ಹಿಡಿದರೆ ಆಗುತ್ತದೆ ಎಂದು ಕೇಳುತ್ತಾರೆ. ಅದೆಲ್ಲ ಯೂನಿಯನ್ನಿನವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಗೊತ್ತಿರುವುದು ಕೆಲಸ ಹೇಗಿತ್ತು, ಹೇಗಾಯಿತು ಎನ್ನುವುದಷ್ಟೇ. ಅದನ್ನು ಬರೆದಿಡುತ್ತೇನೆ. ಓದಿ ಕೆಲಸ ಬಿಟ್ಟು ಓಡಿಹೋದರೆ ನಾನು ಹೊಣೆಯಲ್ಲ.

ನಾನು ಕೂಟಗಲ್ ಕಡೆಯ ಹಳ್ಳಿಯವನು. ಕೆಲಸಕ್ಕೆ ಸೇರಿದಾಗ ರಾಮನಗರ ಸಣ್ಣ ಊರು. ದೂರದ ಹೊಳೆಯ ನೀರು ಪೈಪಿನಲ್ಲಿ ಬಂದು ಎತ್ತರದ ಟ್ಯಾಂಕಿಗೆ ಏರುತ್ತಿತ್ತು, ಅಲ್ಲಿಂದ ತಾನಾಗಿ ಬೀದಿಗಳಿಗೆ ಇಳಿಯುತ್ತಿತ್ತು. ಊರಿಗೆಲ್ಲ ಒಟ್ಟಿಗೆ ಬಿಡುವಷ್ಟು ನೀರು ಆಗಲೂ ಇರಲಿಲ್ಲ. ಅದಕ್ಕೇ ಸರದಿ. ರಸ್ತೆಯ ಮೂಲೆಯಲ್ಲಿ ಕಬ್ಬಿಣದ ಮುಚ್ಚಳದ ಗುಂಡಿ, ಅದರೊಳಗೆ ವಾಲ್ವು. ಭುಜದ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಬಂದು, ಗುಂಡಿಯೊಳಗೆ ಇಳಿಬಿಟ್ಟು ತಿರುಗಿಸಿದರೆ ಆ ಬೀದಿಗೆ ನೀರು. ಹಾವು, ಚೇಳು, ಒಮ್ಮೊಮ್ಮೆ ಯಾರೋ ಬಚ್ಚಿಟ್ಟ ಬಾಟಲಿ, ಎಲ್ಲವೂ ಆ ಗುಂಡಿಯಲ್ಲಿ ಸಿಗುತ್ತಿದ್ದವು.

ಆಗ ನಮ್ಮ ಮೇಲಿದ್ದವರು ಓವರ್‌ಸೀಯರ್ ಗಂಗಾಧರಯ್ಯ. ಕಡ್ಡಿಯಂಥ ಮನುಷ್ಯ, ಬಾಯಿ ಮಾತ್ರ ಬಲು ಜೋರು. ಅವರದೊಂದು ಕಟ್ಟಪ್ಪಣೆ ಇತ್ತು. ಯಾವ ಬೀದಿಗೆ ನೀರು ಬಿಟ್ಟರೂ ವಾಲ್ವಿನ ಪಕ್ಕದ ಮನೆಯನ್ನು ನೋಡಬಾರದು, ಪೈಪಿನ ಕೊನೆಯ ಮನೆಯನ್ನು ನೋಡಬೇಕು. ಆ ಮನೆ ತುಂಬಿಕೊಂಡ ಮೇಲೆಯೇ ವಾಲ್ವು ಮುಚ್ಚಬೇಕು. ಹೊತ್ತಾಯಿತು, ಗಂಟೆಯಾಯಿತು ಎನ್ನುವ ಮಾತೇ ಇಲ್ಲ. "ಮೊದಲ್ನೇ ಮನೆಗೆ ನೀರು ತಾನೇ ಹೋಯ್ತದೆ ಕಣಯ್ಯ. ಕೊನೇ ಮನೆಗೆ ಹೋಗ್ಲಿ ಅಂತ ನಿಂಗೆ ಸಂಬಳ ಕೊಡೋದು" ಎನ್ನುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಅದನ್ನು ಬರೀ ಗದರಿಕೆ ಎಂದುಕೊಂಡಿದ್ದೆ. ಅದೇ ಈ ಕೆಲಸದ ಮೂಲ ಪಾಠ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ನನಗೆ ಸಿಕ್ಕ ಬೀದಿಗಳಲ್ಲಿ ರೀಲರ್‌ಗಳ ಬೀದಿಯೂ ಒಂದು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮುಸಲ್ಮಾನರ ಮನೆಗಳು ಸಾಲಾಗಿ ಇದ್ದವು. ಮನೆಯ ಹಿಂದೆ ತಗಡಿನ ಶೆಡ್ಡು, ಒಲೆ, ಬಿಸಿನೀರಿನ ಬೇಸಿನ್ನುಗಳು, ಮೇಲೆ ಹೊಗೆ ಕೊಳವೆ. ಬೀದಿಗೆ ಕಾಲಿಟ್ಟರೆ ಬೆಂದ ಹುಳದ ವಾಸನೆ. ಮೊದಲ ವಾರ ಮೂಗು ಮುಚ್ಚಿಕೊಂಡು ಓಡಾಡಿದೆ, ಆಮೇಲೆ ಆ ವಾಸನೆ ಬರದ ದಿನ ಏನೋ ಕೆಟ್ಟಿದೆ ಎನ್ನಿಸುವಷ್ಟು ಒಗ್ಗಿಹೋಯಿತು. ಆ ಬೀದಿಯ ಪೈಪು ಮುಗಿಯುವುದು ನಜೀರ್ ಭಾಯ್ ಮನೆಯಲ್ಲಿ. ನನ್ನ ಕೊನೆಯ ಮನೆ ಅದು.

ನಜೀರ್ ಭಾಯ್ ನನ್ನ ವಯಸ್ಸಿನವರು. ಅವರ ತಾಯಿ ಜುಲೇಖಾಬಿಯನ್ನು ಬೀದಿಯವರೆಲ್ಲ ಅಮ್ಮಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ತೊಟ್ಟಿ, ಹಂಡೆ, ಡ್ರಮ್ಮು ಎಲ್ಲ ತುಂಬಿದ ಮೇಲೆ ಅಮ್ಮಿ ಒಂದು ಹಿತ್ತಾಳೆ ಬಿಂದಿಗೆಯನ್ನು ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕುತ್ತಿದ್ದರು. ಬೀದಿಯ ಆ ತುದಿಯಲ್ಲಿ ವಾಲ್ವಿನ ಹತ್ತಿರ ಕೂತ ನನಗೆ ಅದು ಬಿಸಿಲಿಗೆ ಫಳಫಳ ಹೊಳೆಯುವುದು ಕಾಣುತ್ತಿತ್ತು. ಕಂಡ ಕೂಡಲೇ ಮುಚ್ಚುತ್ತಿದ್ದೆ. ಅವಸರ ಮಾಡಿ ಎದ್ದರೆ ಅಲ್ಲಿಂದಲೇ ಕೂಗು ಬರುತ್ತಿತ್ತು: "ಏ ಶಿವಮಾದು, ಪೂರಾ ತುಂಬಿಲ್ಲ ಕಣೋ, ಒಸಿ ತಡಿ." ಆ ಬೀದಿಯಲ್ಲಿ ನೀರಿಗಾಗಿ ಜಗಳವಾದದ್ದನ್ನು ಆ ಕಾಲದಲ್ಲಿ ನಾನು ನೋಡಲಿಲ್ಲ. ಬಿಂದಿಗೆ ಮೇಲೇರುವವರೆಗೂ ನೀರು ಇರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಅತಿಯಾಸೆ ಪಡುತ್ತಿರಲಿಲ್ಲ.

ನೂಲಿಗೆ ಎಂಥ ನೀರಾದರೂ ಆಗುತ್ತದೆ ಎಂದು ನಾನು ತಿಳಿದಿದ್ದೆ. ಒಮ್ಮೆ ಪಂಪಿನ ಕಡೆ ಕರೆಂಟು ಕೆಟ್ಟು ಹೊಳೆ ನೀರು ನಿಂತಾಗ, ಬೋರ್‌ವೆಲ್ ನೀರನ್ನೇ ಬೀದಿಗೆ ಬಿಟ್ಟು ದೊಡ್ಡ ಉಪಕಾರ ಮಾಡಿದವನಂತೆ ನಜೀರ್ ಭಾಯ್ ಮುಂದೆ ನಿಂತೆ. ಅವರು ಬೇಸಿನ್ನಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಎಳೆ ಮತ್ತೆ ಮತ್ತೆ ಹರಿಯುತ್ತಿತ್ತು, ಬಂದ ನೂಲಿಗೂ ಹೊಳಪಿರಲಿಲ್ಲ. ಬೋರಿನ ನೀರು ಗಡಸು, ಅದರಲ್ಲಿ ಗೂಡು ಸರಿಯಾಗಿ ಬೇಯುವುದಿಲ್ಲ. "ಕುಡಿಯಾಕೆ ಯಾವ್ದಾದ್ರೂ ಆಯ್ತದೆ ಅಣ್ಣ, ಹೆಂಗೋ ನುಂಗ್ತೀವಿ. ನೂಲು ನುಂಗಲ್ಲ" ಎಂದರು. ಹೊಳೆಯ ನೀರು ಬಂದರೆ ಆ ಮನೆಯ ಒಲೆ ಉರಿಯುತ್ತದೆ, ಬಾರದಿದ್ದರೆ ಇಲ್ಲ. ಇಷ್ಟೇ ಲೆಕ್ಕ. ಮುಂದೆ ನಾನು ಹೇಳುವ ಎಲ್ಲ ಕಥೆಯ ಹಿಂದೆಯೂ ಈ ಒಂದು ಮಾತಿದೆ.

ಊರು ಬೆಳೆದದ್ದನ್ನು ನಾನು ನಕ್ಷೆಯಲ್ಲಿ ನೋಡಿದವನಲ್ಲ, ವಾಲ್ವಿನ ಗುಂಡಿಯ ಪಕ್ಕ ಕೂತು ನೋಡಿದವನು. ಮೊದಲು ಹಳೇ ಮನೆಗಳ ಮೇಲೆ ಮಹಡಿ ಎದ್ದವು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆ ಬರುವವರು ಬಾಡಿಗೆಗೆ ಬಂದರು. ಆಮೇಲೆ ಫ್ಯಾಕ್ಟರಿ ಕೆಲಸದವರು ಬಂದರು, ಒಂದೇ ಕೋಣೆಯಲ್ಲಿ ಮೂರು ಪಾಳಿಯವರು ಸರದಿಯಲ್ಲಿ ಮಲಗುತ್ತಿದ್ದರು. ಕಡೆಗೆ ಹೆದ್ದಾರಿಯ ಆಚೆ ಹಿಪ್ಪುನೇರಳೆ ತೋಟಗಳಲ್ಲಿ ಕಲ್ಲು ನೆಟ್ಟು ಲೇಔಟು ಮಾಡಿದರು. ಬೆಂಗಳೂರಿನ ಬಚ್ಚಲ ನೀರು ಮೊದಲೇ ನಮ್ಮ ಕಡೆ ಹರಿಯುತ್ತಿತ್ತು, ಈಗ ಬೆಂಗಳೂರಿನಲ್ಲಿ ಜಾಗ ಸಿಗದ ಜನವೂ ಹರಿದು ಬಂದರು. ನಮ್ಮದೇ ಊರ ನಡುವೆ ಹೋಗುವ ಅರ್ಕಾವತಿಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈಜು ಕಲಿತಿದ್ದೆ. ನಿವೃತ್ತನಾಗುವ ಹೊತ್ತಿಗೆ ಸೇತುವೆ ಮೇಲೆ ನಿಂತರೆ ನೊರೆ ಕಾಣುತ್ತಿತ್ತು. ಮನೆಯ ಮುಂದೆ ಹೊಳೆ ಇಟ್ಟುಕೊಂಡು ಇನ್ನೆಲ್ಲಿಯದೋ ಹೊಳೆಯ ಪೈಪಿಗೆ ಬಾಯಿ ಬಿಟ್ಟು ಕಾಯುವ ಊರಾದೆವು.

ಪೈಪು ಅದೇ, ಟ್ಯಾಂಕು ಹೆಚ್ಚುಕಮ್ಮಿ ಅದೇ, ಬಾಯಿಗಳು ಮಾತ್ರ ಹೆಚ್ಚಿದವು. ನೀರಿನ ಒತ್ತಡ ಇಳಿಯಿತು. ಜನ ಸುಮ್ಮನೆ ಇರುತ್ತಾರೆಯೇ? ನೆಲದಡಿ ಸಂಪು ಕಟ್ಟಿದರು, ಪೈಪಿಗೇ ಮೋಟಾರು ಕೂಡಿಸಿ ಎಳೆಯತೊಡಗಿದರು. ಮೊದಲ ಮನೆಯವನು ಮೋಟಾರು ಹಾಕಿದರೆ ಕೊನೆಯ ಮನೆಯ ಕೊಳಾಯಿಯಲ್ಲಿ ಗಾಳಿ ಮಾತ್ರ ಬರುತ್ತದೆ. ಪೈಪಿನ ಕೂಡಿಕೆ ಎಲ್ಲಾದರೂ ಸಡಿಲವಿದ್ದರೆ ಪಕ್ಕದ ಚರಂಡಿಯ ನೀರನ್ನೂ ಆ ಮೋಟಾರು ಎಳೆದುಕೊಳ್ಳುತ್ತದೆ. ಒಂದು ಬೀದಿಯಲ್ಲಿ ಹಾಗೇ ಆಗಿ ಮನೆಮನೆಯಲ್ಲೂ ವಾಂತಿಭೇದಿ. ನಮಗೆ ಮೋಟಾರು ಹಿಡಿಯುವ ಕೆಲಸ ಹತ್ತಿತು.

ಪೊಲೀಸರಿಗೆ ಕಳ್ಳರು ಸಿಗಬಹುದು, ನಮಗೆ ಮೋಟಾರು ಸಿಗುತ್ತಿರಲಿಲ್ಲ. ನಾವು ಬೀದಿಯ ಈ ತುದಿಗೆ ಬರುವಷ್ಟರಲ್ಲಿ ಆ ತುದಿಗೆ ಸುದ್ದಿ ಮುಟ್ಟಿರುತ್ತಿತ್ತು. ಒಬ್ಬಾಕೆ ಮೋಟಾರಿನ ಮೇಲೆ ಕಂಬಳಿ ಹೊದಿಸಿ, ಅದರ ಮೇಲೆ ತಾನೇ ಕೂತು ನಿಧಾನವಾಗಿ ಸೊಪ್ಪು ಬಿಡಿಸುತ್ತಿದ್ದಳು. "ಏಳಮ್ಮ" ಎಂದರೆ ಮಂಡಿ ನೋವು ಎಂದಳು. ಸುಮಾರು ಹೊತ್ತು ಕಾದೆವು. ಆಕೆ ಇನ್ನೊಂದು ಕಟ್ಟು ಸೊಪ್ಪು ತರಿಸಿದಳು. ಇನ್ನೊಮ್ಮೆ ನೀರು ಸೋರುತ್ತಿದೆ ಎಂದು ಒಬ್ಬ ಕೌನ್ಸಿಲರ್ ಮನೆಯ ಮುಂದೆ ರಸ್ತೆ ಅಗೆದೆ. ಸೋರಿಕೆ ಸಿಗಲಿಲ್ಲ, ಅವರ ಮನೆಗೆ ಕಳ್ಳತನದಿಂದ ಎಳೆದ ಎರಡನೇ ಪೈಪು ಸಿಕ್ಕಿತು. ಅಗೆದವನು ನಾನು, ನೋಟೀಸು ಬಂದದ್ದೂ ನನಗೇ. ಅನುಮತಿ ಇಲ್ಲದೆ ರಸ್ತೆ ಅಗೆದೆನಂತೆ. ಹೊಸಬರು ನೆನಪಿಡಿ, ದೊಡ್ಡವರ ಮನೆಯ ಮುಂದೆ ಗುದ್ದಲಿ ಹಾಕುವ ಮೊದಲು ಒಂದು ಕ್ಷಣ ಯೋಚಿಸಿ.

ಒಂದು ಬೇಸಿಗೆಯಲ್ಲಿ ನನ್ನನ್ನು ಟ್ಯಾಂಕರ್ ಕೆಲಸಕ್ಕೆಂದು ಮಾಗಡಿಗೆ ಕಳಿಸಿದ್ದರು. ಅಲ್ಲಿ ಜನರ ಬದಲು ಡ್ರಮ್ಮುಗಳು ಸರದಿಯಲ್ಲಿ ನಿಲ್ಲುತ್ತಿದ್ದವು, ಪ್ರತಿಯೊಂದರ ಮೇಲೂ ಬಣ್ಣದಲ್ಲಿ ಯಜಮಾನರ ಹೆಸರು. ಬಸ್ಸಿಗೆ ದಾರಿ ಮಾಡೋಣ ಎಂದು ನಾನು ಒಂದು ಡ್ರಮ್ಮನ್ನು ಆಚೆ ಸರಿಸಿ ಆಮೇಲೆ ಮರಳಿ ಇಡುವಾಗ ಒಂದು ಜಾಗ ಹಿಂದುಮುಂದಾಯಿತು. ಅಷ್ಟಕ್ಕೇ ಅಣ್ಣತಮ್ಮಂದಿರಂತಿದ್ದ ಎರಡು ಮನೆಯವರು ಮಾತು ಬಿಟ್ಟರು. ಇಬ್ಬರಿಗೂ ಕೈ ಮುಗಿದು ಬಂದೆ. ಕನಕಪುರದ ಕಡೆ, ಚನ್ನಪಟ್ಟಣದ ಕಡೆ ಇದೇ ಕೆಲಸದಲ್ಲಿದ್ದ ಗೆಳೆಯರನ್ನು ಕೇಳಿದರೆ ಅವರದೂ ಇದೇ ಗೋಳು. ಸಾತನೂರಿನವನೊಬ್ಬ, "ಮೊದ್ಲು ಹಬ್ಬಕ್ಕೆ ಕರೆಯೋರು ಕಣ್ಲಾ, ಈಗ ನನ್ನ ಕಂಡ್ರೆ ಕೊಡ ಎತ್ಕೊಂಡು ಹೊಡೆಯಾಕೆ ಬತ್ತಾರೆ" ಎಂದು ನಗುತ್ತಿದ್ದ. ನಾವೆಲ್ಲ ಸೇರಿದಾಗ ನಗುತ್ತಿದ್ದೆವು, ಮನೆಗೆ ಹೋಗುವ ಬಸ್ಸಿನಲ್ಲಿ ಯಾರೂ ನಗುತ್ತಿರಲಿಲ್ಲ.

ರಾಮನಗರದಲ್ಲೂ ಟ್ಯಾಂಕರುಗಳು ಬಂದವು. ಆ ನೀರು ಎಲ್ಲಿಂದ ಬರುತ್ತದೆ ಎಂದು ಒಂದು ದಿನ ಲಾರಿ ಹತ್ತಿ ಹೋದರೆ, ಅದು ನಮ್ಮ ಹಳ್ಳಿಯ ದಾರಿ ಹಿಡಿಯಿತು. ನನ್ನ ದೊಡ್ಡಪ್ಪನ ಮಗ ಕೆಂಚಣ್ಣನ ತೋಟದ ಬೋರು ಅದು. ರೇಷ್ಮೆ ಸೊಪ್ಪು ಬೆಳೆಯುತ್ತಿದ್ದವನು ಅದನ್ನು ಬಿಟ್ಟು ನೀರನ್ನೇ ಮಾರುತ್ತಿದ್ದ. ಹುಳ ಸಾಕುವ ಗೋಜಿಲ್ಲ, ಮಾರುಕಟ್ಟೆಗೆ ಹೋಗುವ ತಾಪತ್ರಯವಿಲ್ಲ ಎಂದು ಖುಷಿಯಾಗಿದ್ದ. ಅಕ್ಕಪಕ್ಕದವರೂ ಹಾಗೇ ಮಾಡಿದರು. ನಾಲ್ಕಾರು ಬೇಸಿಗೆ ಕಳೆಯುವುದರೊಳಗೆ ಆ ಸಾಲಿನ ಬೋರುಗಳೆಲ್ಲ ಬತ್ತಿದವು. ಕೆಂಚಣ್ಣ ಹೆಂಡತಿ ಮಕ್ಕಳೊಂದಿಗೆ ರಾಮನಗರಕ್ಕೆ ಬಂದು ತಾನು ನೀರು ಮಾರುತ್ತಿದ್ದ ಲೇಔಟಿನಲ್ಲೇ ಬಾಡಿಗೆ ಮನೆ ಹಿಡಿದ. ಬಂದ ವಾರವೇ ನನ್ನ ಹತ್ತಿರ ಬಂದು "ನಮ್ಮ ಬೀದಿಗೆ ನೀರು ಯಾವಾಗ ಬುಡ್ತೀಯಪ್ಪ?" ಎಂದು ಕೇಳಿದ. ಮೊದಲು ಹಳ್ಳಿಯ ನೀರು ಊರಿಗೆ ಬಂತು, ಅದರ ಹಿಂದೆಯೇ ಹಳ್ಳಿಯ ಜನ ಬಂದರು. ನನಗೆ ಅವನ ಮೇಲೆ ಸಿಟ್ಟು ಬಂತು, ಅಷ್ಟೇ ಮರುಕವೂ ಆಯಿತು.

ಇಷ್ಟರಲ್ಲಿ ಗಂಗಾಧರಯ್ಯ ನಿವೃತ್ತರಾಗಿ ಹೋಗಿ ಬಹಳ ಕಾಲವಾಗಿತ್ತು. ಅವರ ಕಟ್ಟಪ್ಪಣೆಯೂ ಅವರ ಹಿಂದೆಯೇ ಹೋಯಿತು. ಕೊನೆಯ ಮನೆ ತುಂಬುವವರೆಗೆ ಕಾಯುತ್ತಾ ಕೂತರೆ ಮಿಕ್ಕ ಬೀದಿಗಳಿಗೆ ನೀರೇ ಉಳಿಯುತ್ತಿರಲಿಲ್ಲ. ಗಡಿಯಾರ ನೋಡಿ ತೆರೆಯುವುದು, ಗಡಿಯಾರ ನೋಡಿ ಮುಚ್ಚುವುದು ಎಂದಾಯಿತು. ಅಮ್ಮಿಯ ಬಿಂದಿಗೆ ಗೋಡೆಗೆ ಏರುವ ಮೊದಲೇ ನಾನು ಕೀಲಿ ತಿರುಗಿಸಿ ಹೊರಡಬೇಕಾಗುತ್ತಿತ್ತು. ಮೊದಮೊದಲು ಅವರು ಕೂಗುತ್ತಿದ್ದರು. ಆಮೇಲೆ ಬಿಂದಿಗೆ ಇಡುವುದನ್ನೇ ಬಿಟ್ಟರು. ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅಲ್ಲಿಯೂ ಯಾರೋ ಪಕ್ಕಕ್ಕೆ ಕರೆದು ನಾಳೆಯ ವಿಷಯ ಕೇಳಿದರು. ನಾನು ಹಿಡಿ ಮಣ್ಣು ಹಾಕಲು ಮುಂದೆ ಹೋದೆ.

ನನ್ನ ಕೊನೆಯ ವರ್ಷಗಳಲ್ಲಿ ಬಂದ ಇಂಜಿನಿಯರ್ ಸೌಮ್ಯ ಮೇಡಂ. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರಷ್ಟು ಪ್ರಾಮಾಣಿಕರು ಕಡಿಮೆ. ಯಾರ ಫೋನಿಗೂ ಬಗ್ಗುತ್ತಿರಲಿಲ್ಲ, ಬಿಸಿಲಿನಲ್ಲಿ ನಮ್ಮ ಜೊತೆ ನಡೆಯುತ್ತಿದ್ದರು. ವಾರ್ಡುಗಳಿಗೆಲ್ಲ ವಾಟ್ಸಾಪ್ ಗುಂಪು ಮಾಡಿ ನೀರಿನ ಹೊತ್ತನ್ನು ಮೊದಲೇ ತಿಳಿಸುವ ಪದ್ಧತಿ ತಂದರು. ಜನ ಅದರಲ್ಲೇ ನನ್ನನ್ನು ಬೈಯತೊಡಗಿದರು, ಬೈಸಿಕೊಳ್ಳಲು ಬೀದಿ ಬೀದಿ ಓಡಾಡುವುದು ತಪ್ಪಿತು ಎಂದು ನನಗೂ ಸಮಾಧಾನ. ಆಮೇಲೆ ಮೇಡಂ ಒಂದು ಹೊಸ ಕ್ರಮ ಹಾಕಿದರು. ಬೀದಿ ಎಷ್ಟು ಹಳೆಯದು, ಯಾರ ಬೀದಿ ಎಂಬುದೆಲ್ಲ ಬೇಡ, ಎಲ್ಲಿ ಎಷ್ಟು ತಲೆ ಇವೆಯೋ ಅಲ್ಲಿಗೆ ಅಷ್ಟು ನೀರು. ಲೇಔಟುಗಳಲ್ಲಿ ತಲೆಗಳು ಹೆಚ್ಚು, ರೀಲರ್‌ಗಳ ಬೀದಿಯಲ್ಲಿ ಕಡಿಮೆ. ಹೊಳೆ ನೀರಿನ ಹೆಚ್ಚು ಪಾಲು ಆಚೆಗೆ ತಿರುಗಿತು, ರೀಲರ್‌ಗಳ ಬೀದಿಗೆ ಕುಡಿಯುವಷ್ಟು ಮಾತ್ರ ಉಳಿಯಿತು.

ನಾನು ಧೈರ್ಯ ಮಾಡಿ ಅವರ ಮುಂದೆ ಹೋಗಿ ಬೇಸಿನ್ನುಗಳ ವಿಚಾರ ಹೇಳಿದೆ. ಆ ಬೀದಿಗೆ ಹೊಳೆ ನೀರು ಸಾಕಷ್ಟು ಹೋಗದಿದ್ದರೆ ಒಲೆಗಳು ಆರುತ್ತವೆ, ಊರಿಗೆ ಹೆಸರು ತಂದ ಕಸುಬೇ ನಿಲ್ಲುತ್ತದೆ ಎಂದೆ. ಮೇಡಂ ಪೂರ್ತಿ ಕೇಳಿದರು. ಆಮೇಲೆ, "ಶಿವಮಾದು ಅವರೇ, ಲೇಔಟಿನಲ್ಲಿ ಒಬ್ಬ ಬಾಣಂತಿ ನನ್ನ ಮುಂದೆ ಖಾಲಿ ಕೊಡ ಇಟ್ಟು ಅತ್ತಿದ್ದಾಳೆ. ಗೂಡು ಬೇಯಿಸೋಕೆ ನೀರು ಕೊಟ್ಟೆ, ಅದಕ್ಕೇ ನಿನಗಿಲ್ಲ ಅಂತ ಅವಳಿಗೆ ನೀವು ಹೇಳ್ತೀರಾ?" ಎಂದು ಕೇಳಿದರು. ಗದರಿಸಿ ಕೇಳಲಿಲ್ಲ, ನಿಜವಾಗಿಯೂ ಉತ್ತರ ಬೇಕು ಎನ್ನುವಂತೆ ಕೇಳಿದರು. ಮರುದಿನ ಮೇಡಂ ಲೆಕ್ಕದಂತೆಯೇ ವಾಲ್ವು ತೆರೆದೆ. ನನ್ನ ಕೆಲಸದ ದಿನಗಳಲ್ಲಿ ಅನ್ಯಾಯವನ್ನು ಎಷ್ಟೋ ನೋಡಿದ್ದೇನೆ, ಬೈದು ಹಗುರಾಗಿದ್ದೇನೆ. ಇದು ನ್ಯಾಯವಾಗಿಯೇ ನಡೆಯಿತು, ಅದಕ್ಕೇ ಯಾರನ್ನು ಬೈಯಬೇಕೋ ಇನ್ನೂ ತಿಳಿದಿಲ್ಲ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ ಎನ್ನುವುದನ್ನೂ ಹೇಳಬೇಕು. ಒಂದು ಮಧ್ಯಾಹ್ನ ತಾವೇ ನಜೀರ್ ಭಾಯ್ ಶೆಡ್ಡಿಗೆ ಬಂದರು. ಮಳೆ ನೀರಿನಷ್ಟು ಮೃದುವಾದ ನೀರು ಬೇರೆ ಇಲ್ಲ, ಇಷ್ಟು ದೊಡ್ಡ ತಗಡಿನ ಸೂರು ಇದೆ, ಇದರ ಮೇಲೆ ಬೀಳುವ ಮಳೆಯನ್ನೇ ಹಿಡಿದಿಟ್ಟುಕೊಂಡರೆ ಹೇಗೆ ಎಂದರು. ನಮಗೆಲ್ಲ ಕಣ್ಣು ತೆರೆದಂತಾಯಿತು. ನಜೀರ್ ಭಾಯ್ ಮುಖದಲ್ಲಿ ಅಷ್ಟು ದಿನದ ಮೇಲೆ ನಗು ಕಂಡೆ. ಬೀದಿಯವರೆಲ್ಲ ಸೇರಿ ಸೂರಿನ ಅಂಚಿಗೆ ಮಳೆ ನೀರು ಹರಿಯುವ ತಗಡಿನ ದೋಣಿ ಕಟ್ಟಿದರು, ತೊಟ್ಟಿ ತೊಳೆದು ಸುಣ್ಣ ಬಳಿದರು. ನಾನೂ ರಜೆ ಹಾಕಿ ಪೈಪು ಕೂಡಿಸಿಕೊಟ್ಟೆ. ಮೊದಲ ಮುಂಗಾರು ಮಳೆ ಜೋರಾಗಿಯೇ ಬಿತ್ತು, ತೊಟ್ಟಿಗಳು ತುಂಬಿದವು. ಆ ಸಂಜೆ ನಜೀರ್ ಭಾಯ್ ನನಗೂ ಮೇಡಂಗೂ ಸೇವಿಗೆ ಪಾಯಸ ಕಳಿಸಿದ್ದರು.

ಮರುದಿನ ಒಳ್ಳೇ ಗೂಡು ತಂದು ಬೇಯಿಸಿದರು. ನೂಲು ಸಲೀಸಾಗಿ ಬಂತು, ಎಳೆ ಹರಿಯಲಿಲ್ಲ. ಆದರೆ ಒಣಗಿದ ಮೇಲೆ ನೋಡಿದರೆ ಬೂದು ಬಣ್ಣ. ಬೂದಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ಯಾರಿಗೂ ಅರ್ಥವಾಗಲಿಲ್ಲ. ಗೂಡು ಕೆಟ್ಟದ್ದೆಂದು ಒಬ್ಬರು, ತೊಟ್ಟಿಯ ಸುಣ್ಣ ಎಂದು ಇನ್ನೊಬ್ಬರು. ಕಡೆಗೆ ನಜೀರ್ ಭಾಯ್ ಏಣಿ ಹಾಕಿ ಸೂರಿನ ಮೇಲೆ ಹತ್ತಿ, ತಗಡಿನ ಮೇಲೆ ಅಂಗೈ ಸವರಿ, ಕೆಳಗೆ ನಿಂತಿದ್ದ ಮೇಡಂಗೂ ನಮಗೂ ತೋರಿಸಿದರು. ಕೈ ಕರ್ರಗಾಗಿತ್ತು. ತಲೆಮಾರಿನಿಂದ ಹೊಗೆ ಕಾರಿದ ಅವರದೇ ಒಲೆಯ ಮಸಿ. ಹುಟ್ಟಿದಾಗಿನಿಂದ ಆ ಹೊಗೆಯ ಕೆಳಗೇ ಬೆಳೆದ ಒಂದು ಬೀದಿಯ ಜನಕ್ಕೆ, ಓದಿದ ಮೇಡಂಗೆ, ನೀರಿನಲ್ಲೇ ಕೂದಲು ಹಣ್ಣಾದ ನನಗೆ, ಒಬ್ಬರಿಗೂ ಸೂರಿನ ಮೇಲೆ ಏನಿದೆ ಎಂದು ಹೊಳೆದಿರಲಿಲ್ಲ. ಏಣಿಯಿಂದ ಇಳಿಯುತ್ತಾ ನಜೀರ್ ಭಾಯ್ ನಕ್ಕರು, ಮೇಡಂ ಕಣ್ಣಲ್ಲಿ ನೀರಿತ್ತು.

ಆ ನೂಲನ್ನು ಕೊಳ್ಳುವವರು ಸಿಗಲಿಲ್ಲ. ಸೂರು ಉಜ್ಜಿ, ಮೊದಲ ಮಳೆಯನ್ನು ಹರಿಯಬಿಟ್ಟು, ಆಮೇಲಿನ ಮಳೆ ಹಿಡಿದು ಒಂದಷ್ಟು ದಿನ ಕೆಲಸ ನಡೆಸಿದರು. ಒಲೆ ಉರಿದರೆ ಮತ್ತೆ ಮಸಿ, ಮತ್ತೆ ಉಜ್ಜುವುದು. ಮಳೆಗಾಲ ಮುಗಿಯಿತು, ಚಳಿಗಾಲ ಹೇಗೋ ಸರಿಯಿತು, ಬೇಸಿಗೆಯಲ್ಲಿ ಟ್ಯಾಂಕರಿನ ಗಡಸು ನೀರೇ ಗತಿಯಾಯಿತು. ಬೀದಿಯ ಒಲೆಗಳು ಒಂದೊಂದಾಗಿ ಆರಿದವು. ಕೆಲವರು ಹಳೇ ಬೇಸಿನ್ನುಗಳನ್ನು ಗುಜರಿಗೆ ಹಾಕಿದರು, ಶೆಡ್ಡುಗಳನ್ನು ಕೆಡವಿ ಬಾಡಿಗೆ ಮನೆ ಕಟ್ಟಿದರು. ಅಲ್ಲಿಯೂ ತಲೆಗಳು ಹೆಚ್ಚಿದವು, ಬೀದಿಗೆ ನೀರಿನ ಪಾಲೂ ಒಸಿ ಹೆಚ್ಚಿತು, ಆದರೆ ಅಷ್ಟು ಹೊತ್ತಿಗೆ ಬೇಯಿಸಲು ಗೂಡು ಇರಲಿಲ್ಲ. ನಜೀರ್ ಭಾಯ್ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದರು. ಆವತ್ತು ಆ ಬೀದಿಯಲ್ಲಿ ವಾಲ್ವು ತೆರೆದು ಕೂತಾಗ ಬೆಂದ ಹುಳದ ವಾಸನೆ ಬರಲಿಲ್ಲ. ಇನ್ನೇನೂ ಕೆಡುವುದಕ್ಕೆ ಉಳಿದಿಲ್ಲ ಎನ್ನಿಸಿತು.

ಅದಾದ ಸ್ವಲ್ಪ ದಿನಕ್ಕೆ ನಾನು ನಿವೃತ್ತನಾದೆ. ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು. ಬಂದ ಹಣದಲ್ಲಿ ನಾನೂ ನನ್ನ ಹೆಂಡತಿಯೂ ಬಹಳ ದಿನದಿಂದ ಅಂದುಕೊಂಡಿದ್ದ ಮನೆ ಕಟ್ಟಿಸಿದೆವು. ಮನೆ ಎಲ್ಲಿ ಎಂದು ಕೇಳುತ್ತೀರಿ. ಹೆದ್ದಾರಿಯ ಆಚೆ, ಲೇಔಟಿನಲ್ಲಿ. ಹಳೇ ಊರಿನಲ್ಲಿ ನನ್ನಂಥವನಿಗೆ ಸೈಟು ಎಲ್ಲಿತ್ತು? ಮಗಳು ಅಳಿಯ ಮೊಮ್ಮಕ್ಕಳು ನಮ್ಮ ಜೊತೆಗೇ ಇದ್ದಾರೆ. ಮನೆ ತುಂಬ ಜನ, ಅಂದರೆ ಮೇಡಂ ಲೆಕ್ಕದಲ್ಲಿ ಮನೆ ತುಂಬ ತಲೆ. ನೀರು ದಿನ ಬಿಟ್ಟು ದಿನ ಬರುತ್ತದೆ.

ಹೋದ ವರ್ಷ ನಜೀರ್ ಭಾಯ್ ಮಗಳ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಿದ್ದರು. ಮೊದಲ ಸಲ ಬಂದದ್ದು. ಈಗ ಅವರು ಗೂಡಿನ ಮಾರುಕಟ್ಟೆಯ ಹತ್ತಿರ ಯಾರದೋ ಗೋದಾಮು ನೋಡಿಕೊಳ್ಳುತ್ತಾರೆ. ಆವತ್ತು ನಮ್ಮ ಬೀದಿಗೆ ನೀರಿನ ದಿನ. ಅಂಗಳದ ಕೊಳಾಯಿ ಜೋರಾಗಿ ಬರುತ್ತಿತ್ತು, ನನ್ನ ಹೆಂಡತಿ ಮೆಟ್ಟಿಲು ತೊಳೆಯುತ್ತಿದ್ದಳು. ಬಿಸಿಲಲ್ಲಿ ಬಂದವರು ಮುಖ ತೊಳೆಯುತ್ತೇನೆ ಎಂದು ಕೊಳಾಯಿಯ ಕೆಳಗೆ ಕೈ ಹಿಡಿದರು. ಹಿಡಿದ ಕೈಯನ್ನು ತೆಗೆಯಲಿಲ್ಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ನಿಧಾನವಾಗಿ ಉಜ್ಜಿದರು, ಮತ್ತೆ ನೀರಿಗೆ ಒಡ್ಡಿ ಮತ್ತೆ ಉಜ್ಜಿದರು. ಏನು ಮಾಡುತ್ತಿದ್ದಾರೆಂದು ನನ್ನ ಹೆಂಡತಿಗೆ ತಿಳಿಯಲಿಲ್ಲ, ಸೋಪು ಬೇಕೇನೋ ಎಂದು ಒಳಗೆ ಹೋದಳು. ನನಗೆ ತಿಳಿಯಿತು.

"ಹೊಳೆ ನೀರು" ಎಂದರು ನಜೀರ್ ಭಾಯ್. "ಒಳ್ಳೇ ನೀರು ಅಣ್ಣ. ಇದ್ರಲ್ಲಿ ನೂಲು ಬೆಣ್ಣೆ ಬಂದಂಗೆ ಬತ್ತಿತ್ತು."

ನೀರಿನ ಮಾತಿಗೆ ಎಷ್ಟು ಸಾವಿರ ಸಲ ಎಷ್ಟು ಜನಕ್ಕೆ ಸಮಾಧಾನ ಹೇಳಿದವನು ನಾನು. ನಮ್ಮ ಮನೆಯ ಅಂಗಳದಲ್ಲಿ ಮಾತ್ರ "ಕ್ಷಮಿಸಿಬಿಡಿ ಭಾಯ್" ಎಂದೆ. ಯಾವುದಕ್ಕೆ ಎಂದು ನನಗೇ ಸ್ಪಷ್ಟವಿರಲಿಲ್ಲ.

ಅವರು ಮುಖಕ್ಕೆ ನೀರು ಹಾಕಿಕೊಂಡು, ಟವೆಲಿನಿಂದ ಒರೆಸಿಕೊಂಡರು. "ನಿಮ್ದೇನೈತೆ ಬುಡಣ್ಣ ಇದ್ರಲ್ಲಿ. ನೀರು ಕುಡಿಯೋ ಬಾಯಿಗೇ ಹೋಗೈತಲ್ಲ, ಪೋಲಾಗಿಲ್ಲ" ಎಂದರು. ಮದುವೆಗೆ ಎಲ್ಲರೂ ಬರಬೇಕು, ಹಿಂದಿನ ದಿನವೇ ಬರಬೇಕು ಎಂದು ಎರಡೆರಡು ಸಲ ಹೇಳಿದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮದುವೆಯ ಕಾಗದ ಕೊಟ್ಟು ಗೇಟು ದಾಟಿ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಒದ್ದೆ ಮೆಟ್ಟಿಲಿನಿಂದ ನೀರು ಇಳಿದು, ಗೇಟಿನ ಕೆಳಗೆ ಹಾಯ್ದು, ರಸ್ತೆಯ ಮಣ್ಣಿಗೆ ಸೇರುತ್ತಿತ್ತು.